ಕೊಟ್ಟಿಗೆಗೆ ಯಾವ ಹಾಸು? ರಬ್ಬರ್ ಮ್ಯಾಟ್, ದರಕು (ತರಗೆಲೆ), ಒಣಗಿಸಿದ ಸಗಣಿ ಗೊಬ್ಬರ

ಹಸು ದಿನಕ್ಕೆ 10ರಿಂದ 14 ಗಂಟೆ ಮಲಗಬೇಕು. ನೆಲ ಗಟ್ಟಿಯಾಗಿದ್ದರೆ ನಿಂತೇ ಇರುತ್ತದೆ, ಹಾಲೂ ಇಳಿಯುತ್ತದೆ. ಅದಕ್ಕೇ ಶಿರಸಿ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಮೂರು ಬಗೆಯ ಹಾಸನ್ನೂ ಹಾಕಿ ನೋಡಿದ್ದೇವೆ.

ರಬ್ಬರ್ ಮ್ಯಾಟ್ ತೊಳೆಯಲು ಸುಲಭ, ಬರೀ ಸಿಮೆಂಟಿನ ಮೇಲಿನಂತೆ ಕಾಲು ಜಾರುವುದಿಲ್ಲ. ಆದರೆ ಗಂಜಲ ಹೀರುವುದಿಲ್ಲ. ಅದು ಮ್ಯಾಟಿನಡಿ ಸೇರಿ ನಾರುತ್ತದೆ. ಮಂಡಿ ಉಜ್ಜಿದ ಗಾಯವೂ ಪೂರ್ತಿ ಹೋಗಲಿಲ್ಲ.

ದರಕು ಹಿರಿಯರ ಕಾಲದ ಹಾಸು. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ (ಸೊಪ್ಪು, ಎಲೆ ತರುವ ಕಾಡು) ಬಿಟ್ಟದ್ದೇ ಇದಕ್ಕೆ. ಬೆಟ್ಟದ ಎಲೆ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಮೆತ್ತಗಿರುತ್ತದೆ, ಗಂಜಲವನ್ನೂ ಹೀರುತ್ತದೆ. ಆದರೆ ಗುಡಿಸಿ ಹೊತ್ತು ತರಲು ಈಗ ಆಳು ಸಿಗಬೇಕಲ್ಲ!

ಇನ್ನು ಸಗಣಿ ಗೊಬ್ಬರ. ‘ಸಗಣಿ ಬಾಚಿ ಮತ್ತೆ ಸಗಣಿಯನ್ನೇ ಹಾಸ್ತೀಯಾ?’ ಅಂತ ಅಮ್ಮ ಕೇಳಿದ್ದರು. ಇಸ್ರೇಲ್, ಅಮೆರಿಕದ ಡೈರಿಗಳಲ್ಲಿ ಇದು ರೂಢಿಯಲ್ಲಿದೆ. ನಾವು ಸಗಣಿಗೆ ಒಣ ಅಡಿಕೆ ಸಿಪ್ಪೆ ಬೆರೆಸಿ ಮಾಡಿನಡಿ ರಾಶಿ ಹಾಕುತ್ತೇವೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ರಾಶಿಯೊಳಗಿನ ಕಾವು 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು. ಹೊರಗಿನದು ಒಳಗೆ ಹೋಗುವಂತೆ ಮಗುಚುತ್ತಿರಬೇಕು. ಆಗ ರೋಗಾಣುಗಳು ಬಹುಪಾಲು ಸಾಯುತ್ತವೆ. ಆಮೇಲೆ ಬಿಸಿಲಿಗೆ ತೆಳ್ಳಗೆ ಹರವಿ ಒಣಗಿಸಿದರೆ ಕಾಫಿ ಪುಡಿಯಂತೆ ಉದುರುದುರಾಗುತ್ತದೆ. ವಾಸನೆಯೇ ಇರುವುದಿಲ್ಲ.

ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಹಾಸು ನಾನು ಕಂಡಿಲ್ಲ. ಕಟ್ಟಿದ ಸ್ವಲ್ಪ ಹೊತ್ತಿಗೇ ಹಸುಗಳು ಮಲಗಿ ಮೆಲುಕು ಹಾಕುತ್ತವೆ. ಮಂಡಿ ಗಾಯಗಳು ಮಾಯ್ದವು. ದುಡ್ಡು ಕೊಟ್ಟು ತರುವುದು ಏನೂ ಇಲ್ಲ.

ಮಳೆಗಾಲದಲ್ಲಿ ಮಾತ್ರ ಇದನ್ನು ಹಾಕಲೇಬೇಡಿ. ಗೊಬ್ಬರ ಗಾಳಿಯ ತೇವಕ್ಕೇ ಒದ್ದೆಯಾಗುತ್ತದೆ. ಅದರಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದ ರೋಗಾಣುಗಳು ಮತ್ತೆ ಬೆಳೆಯುತ್ತವೆ. ಕೆಚ್ಚಲು ಬಾವು ತರುವವು ಇವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮ್ಯಾಟ್, ಅದರ ಮೇಲೆ ಬೇಸಿಗೆಯಲ್ಲಿ ಕೂಡಿಟ್ಟ ದರಕು. ನಾಲ್ಕು ತಿಂಗಳಿಗೆ ಆಗುವಷ್ಟೇ ಸಾಕಾದ್ದರಿಂದ ಆಳಿನ ತಾಪತ್ರಯವೂ ಕಡಿಮೆಯಾಯಿತು.

ಹಾಸು ಯಾವುದಾದರೂ ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ ಅರ್ಧ ಗಂಟೆಯಾದರೂ ಹಸುವನ್ನು ನಿಲ್ಲಿಸಿ. ತೊಟ್ಟಿನ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಕೈಯಲ್ಲಿ ಕಾಸು ಕಡಿಮೆ ಇದೆಯಾ? ಮ್ಯಾಟ್ ಆಮೇಲೆ ತಂದರಾಯಿತು. ಮೊದಲು ಗೊಬ್ಬರದ ರಾಶಿಗೊಂದು ಮಾಡು ಕಟ್ಟಿಸಿ.