ಕಣ್ಣು ಬಿಡದ ಬೆಕ್ಕಿನ ಮರಿಯನ್ನು ಪೆಟ್ ಅಂಗಡಿಯವರ ಕೈಗೆ ಕೊಡಬೇಡಿ

ಮೈಸೂರಲ್ಲಿ ಬೀದಿ ಬೆಕ್ಕುಗಳಿಗೆ ಊಟ ಹಾಕುವವರು, ಮರಿಗಳನ್ನು ಮನೆಗೆ ತರುವವರು ದಯವಿಟ್ಟು ಇದನ್ನು ಓದಿ. ಮರಿ ತೀರಾ ಸಣ್ಣದಿದ್ದರೆ ಸೀದಾ ಪಶುವೈದ್ಯರ ಹತ್ತಿರ ಹೋಗಿ. ಅಂಗಡಿಗೆ ಹೋಗಬೇಡಿ.

ಸರಸ್ವತಿಪುರಂನ ನಮ್ಮ ಮನೆ ಮೆಟ್ಟಿಲ ಕೆಳಗೆ ಗೋಣಿಚೀಲದ ಮೇಲೆ ಬೆಕ್ಕು ಮರಿ ಹಾಕಿತ್ತು. ಅದರಲ್ಲಿ ಒಂದು ಬಹಳ ಸಣ್ಣದು, ಮಿಕ್ಕವು ನುಗ್ಗಿ ಹಾಲು ಕುಡಿಯುವಾಗ ಇದು ಪಕ್ಕಕ್ಕೆ ಉರುಳಿ ಬೀಳುತ್ತಿತ್ತು. ಅಡುಗೆಮನೆ ತೂಕದ ಮೆಷಿನ್ ಮೇಲೆ ಇಟ್ಟರೆ 70 ಗ್ರಾಂ ಕೂಡ ಇಲ್ಲ. ಹುಟ್ಟಿದ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುತ್ತದೆ, ಆಮೇಲೆ ದಿನಕ್ಕೆ 10 ಗ್ರಾಂ ಆದರೂ ಏರಬೇಕು. ಜೋರು ಮಳೆ ಬೇರೆ, ಮರಿ ಮೈ ಮುಟ್ಟಿದರೆ ತಣ್ಣಗಿತ್ತು.

ಹಾಲಿನ ಪುಡಿ ತರೋಣ ಎಂದು ಮರಿಯನ್ನು ಕರೆದುಕೊಂಡೇ ಅಂಗಡಿಗೆ ಹೋದೆವು. ಅಂಗಡಿಯವನು ತಾಯಿ ಇದೆಯಾ ಎಂದು ಕೇಳಲಿಲ್ಲ, ಮೈ ಬಿಸಿ ಇದೆಯಾ ಎಂದು ನೋಡಲಿಲ್ಲ. "ಕೊಡಿ ಸರ್, ನಾನೇ ತೋರಿಸ್ತೀನಿ" ಎಂದು ಮರಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿ ಸಿರಿಂಜಿನಲ್ಲಿದ್ದ ಹಾಲನ್ನೆಲ್ಲಾ ಒಂದೇ ಸಲ ಬಾಯಿಗೆ ಒತ್ತಿಬಿಟ್ಟ. ಮೂಗಿನಿಂದ ಬಿಳಿ ಗುಳ್ಳೆ ಬಂತು. "ಏನಾಗಲ್ಲ, ಸೀನುತ್ತೆ ಅಷ್ಟೆ." ರಾತ್ರಿ ಉಸಿರಿನ ಜೊತೆ ಗೊರಗೊರ ಸದ್ದು, ಬೆಳಿಗ್ಗೆ ಬಾಯಿ ತೆರೆದು ಉಸಿರಾಡುತ್ತಿತ್ತು. ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿದೆ ಎಂದರು ಡಾಕ್ಟರ್. ಮರಿ ಉಳಿಯಲಿಲ್ಲ. ಅಂಗಡಿಯವನಿಗೆ ಹೇಳಿದರೆ "ಅದು ಮೊದಲೇ ವೀಕ್ ಇತ್ತಲ್ವಾ ಸರ್" ಅಂದ. ವೀಕ್ ಇದ್ದದ್ದಕ್ಕೇ ಅಲ್ವಾ ನಾವು ಅಲ್ಲಿಗೆ ಹೋದದ್ದು?

ಡಾಕ್ಟರ್ ಹೇಳಿದ್ದರಲ್ಲಿ ಮುಖ್ಯವಾದದ್ದು, ತಣ್ಣಗಿರುವ ಮರಿಗೆ ಹಾಲು ಕೊಡಲೇಬಾರದು. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಮೊದಲ ವಾರ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವುದೂ ಬರುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ, ಬಿಸಿ ಜಾಸ್ತಿಯಾದರೆ ಮರಿ ಸರಿದುಕೊಳ್ಳಲು ಜಾಗ ಇರಲಿ. ಆಮೇಲೆ ಹೊಟ್ಟೆ ಕೆಳಗೆ ಮಾಡಿ, ತಾಯಿ ಹತ್ತಿರ ಮಲಗುವ ಹಾಗೇ ಮಲಗಿಸಿ, ತಲೆ ಸ್ವಲ್ಪ ಮೇಲಿರಲಿ. ಹನಿ ಹನಿಯಾಗಿ ಬಿಡಿ, ಅದೇ ಚೀಪಬೇಕು, ನೀವು ಒತ್ತಬಾರದು. ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ ಕೊಡಬೇಕು, ನಿದ್ದೆಯ ಆಸೆ ಬಿಡಿ. ತಾಯಿ ನೆಕ್ಕದಿದ್ದರೆ ಪ್ರತಿ ಸಲ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿದರೆ ಮಾತ್ರ ಉಚ್ಚೆ, ಕಕ್ಕಸು ಮಾಡುತ್ತದೆ. ತಾಯಿ ಇದ್ದರೆ ಅದರ ಹತ್ತಿರವೇ ಬಿಡಿ, ಕಡಿಮೆ ಬಿದ್ದಷ್ಟು ಮಾತ್ರ ನೀವು ಕುಡಿಸಿ.

ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಿ ಎನ್ನುವ ಹಿರಿಯರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಭೇದಿ ಹತ್ತಿಕೊಂಡರೆ ಇಷ್ಟು ಸಣ್ಣ ಜೀವ ಬೇಗ ಒಣಗಿಹೋಗುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಪುಡಿ ತನ್ನಿ.

ಇನ್ನೊಂದು, ಅದೇ ಅಂಗಡಿಯಲ್ಲಿದ್ದ ಒಬ್ಬರು ಮಕ್ಕಳ ಜ್ವರದ ಡ್ರಾಪ್ಸ್ ಹಾಕಿ ಎಂದರು. ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಹನಿಯೂ ಬೇಡ. ಮೂಗಲ್ಲಿ ಹಾಲು ಕಂಡರೆ, ಉಸಿರಲ್ಲಿ ಸದ್ದು ಬಂದರೆ, ತೂಕ ಏರದಿದ್ದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.