ಗೀಸರ್‌ಗೆ ಹಾಕಿದ ಮೀಟರ್ ಪ್ಲಗ್: ಮೂರು ತಿಂಗಳು ಬಳಸಿದ ಮೇಲೆ

ಡಿಸೆಂಬರ್ ತಿಂಗಳ ಕರೆಂಟ್ ಬಿಲ್ ನೋಡಿ ಎದೆ ಧಸಕ್ ಎಂದಿತು. 215 ಯುನಿಟ್. ಗೃಹಜ್ಯೋತಿಯ ಲೆಕ್ಕ ನಿಮಗೆ ಗೊತ್ತೇ ಇದೆ. 200ರ ಒಳಗಿದ್ದರೆ ನಮಗೆ ಗೊತ್ತು ಮಾಡಿದ ಯುನಿಟ್‌ಗಿಂತ ಮೇಲಿನದ್ದಕ್ಕೆ ಮಾತ್ರ ರೊಕ್ಕ. 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಬರೀ 15 ಯುನಿಟ್ ಜಾಸ್ತಿ ಆಗಿದ್ದಕ್ಕೆ ಸಾವಿರದ ಏಳುನೂರರ ಮೇಲೆ ಬಂದಿತ್ತು.

ನಮ್ಮದು ಹುಬ್ಬಳ್ಳಿ ವಿದ್ಯಾನಗರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ನಾನು, ನಮ್ಮ ಮನೆಯವರು, ಅತ್ತೆ, ಕಾಲೇಜಿಗೆ ಹೋಗುವ ಮಗ. ಎಸಿ ಇಲ್ಲ. ಫ್ರಿಜ್, ಮಿಕ್ಸರ್, ಫ್ಯಾನು, ಟಿವಿ ಅಷ್ಟೇ. ಥಂಡಿಯಲ್ಲಿ ಬಿಲ್ ಏರಿದರೆ ಕಾರಣ ಗೀಸರ್ ಒಂದೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಗೀಸರ್‌ನಲ್ಲಿ ಏನು ತಪ್ಪು, ಯಾರ ಜಳಕಕ್ಕೆ ಎಷ್ಟು ಹೋಗುತ್ತದೆ, ಅದು ಯಾರಿಗೂ ಗೊತ್ತಿರಲಿಲ್ಲ. ಹೊಸ ಗೀಸರ್ ತರೋಣ ಎಂದರು ನಮ್ಮವರು. ಮೊದಲು ಅಳೆದು ನೋಡೋಣ ಎಂದು ನಾನು ಈ ಪ್ಲಗ್ ತರಿಸಿದೆ. ಸಾವಿರದ ಇನ್ನೂರು ರೂಪಾಯಿ.

ನೋಡಲು ದಪ್ಪ ಅಡಾಪ್ಟರ್ ಇದ್ದ ಹಾಗೆ ಇದೆ. ಇದನ್ನು ಗೋಡೆಯ ಸಾಕೆಟ್‌ಗೆ ಹಾಕಬೇಕು, ಗೀಸರ್‌ನ ಪ್ಲಗ್ಗನ್ನು ಇದಕ್ಕೆ ಹಾಕಬೇಕು. ಈ ಕ್ಷಣಕ್ಕೆ ಎಷ್ಟು ವ್ಯಾಟ್, ಎಷ್ಟು ವೋಲ್ಟ್, ದಿನಕ್ಕೆ ಎಷ್ಟು ಯುನಿಟ್ ಎಂದು ಫೋನಿನಲ್ಲಿ ತೋರಿಸುತ್ತದೆ. ಹೊತ್ತು ಗೊತ್ತು ಮಾಡಿಟ್ಟರೆ ತಾನೇ ಹತ್ತುತ್ತದೆ, ತಾನೇ ಬಂದ್ ಆಗುತ್ತದೆ. ತೆಗೆದುಕೊಳ್ಳುವಾಗ 16 ಆಂಪ್‌ನದ್ದೇ ನೋಡಿ. ಸಣ್ಣ 6 ಅಥವಾ 10 ಆಂಪ್‌ನ ಪ್ಲಗ್‌ಗಳೂ ಸಿಗುತ್ತವೆ, ಅವನ್ನು ಗೀಸರ್‌ಗೆ ಹಾಕಲೇಬಾರದು.

ಮೊದಲ ವಾರ ಏನನ್ನೂ ಬದಲಿಸಲಿಲ್ಲ. ಬೆಳಿಗ್ಗೆ 5ಕ್ಕೆ ಗೀಸರ್ ಹಚ್ಚಿದರೆ ರಾತ್ರಿ 10ಕ್ಕೇ ಬಂದ್ ಮಾಡುವ ರೂಢಿ ನಮ್ಮದು. ಹಾಗೇ ಬಿಟ್ಟು ನೋಡಿದೆ. ದಿನಕ್ಕೆ ಸರಾಸರಿ 4.6 ಯುನಿಟ್ ಬಂತು. ತಿಂಗಳಿಗೆ 138. ಮನೆಯ ಉಳಿದ ಎಲ್ಲ ಖರ್ಚು ಸೇರಿ 77!

ಆಮೇಲೆ ಒಬ್ಬೊಬ್ಬರ ಜಳಕ ಬೇರೆ ಬೇರೆ ಅಳೆದೆ. ನಾನು, ನಮ್ಮವರು, ಅತ್ತೆ ಮೂವರೂ ಬಕೀಟಿನಲ್ಲಿ ನೀರು ಬೆರೆಸಿಕೊಂಡು ಚರಿಗೆಯಲ್ಲಿ ಹಾಕಿಕೊಳ್ಳುವವರು. ಒಬ್ಬರಿಗೆ 0.4 ಯುನಿಟ್ ಹತ್ತಿರ. ಮಗ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲುತ್ತಾನೆ. ಅವನ ಜಳಕ ಮುಗಿದು ಗೀಸರ್ ಮತ್ತೆ ಕಾಯುವ ಹೊತ್ತಿಗೆ 1.4 ಯುನಿಟ್. ನಮ್ಮ ಮೂವರ ಜಳಕ ಸೇರಿಸಿದರೂ ಅಷ್ಟಾಗುವುದಿಲ್ಲ. ನಂಬಿಕೆ ಬರದೆ ಶವರ್ ಕೆಳಗೆ ಬಕೀಟು ಇಟ್ಟು ನೋಡಿದೆ. ನಿಮಿಷಕ್ಕೆ 8 ಲೀಟರ್ ಬೀಳುತ್ತದೆ. ಹತ್ತು ನಿಮಿಷಕ್ಕೆ 80 ಲೀಟರ್, ಅಂದರೆ ನಾಲ್ಕು ಬಕೀಟಿಗಿಂತ ಹೆಚ್ಚು. ಅವನ ನಂತರ ಹೋದವರಿಗೆ ಯಾವಾಗಲೂ ಉಗುರುಬೆಚ್ಚಗಿನ ನೀರು ಯಾಕೆ ಸಿಗುತ್ತಿತ್ತು ಎನ್ನುವುದೂ ಅವತ್ತು ತಿಳಿಯಿತು. ಅವನಿಗೆ ಬೈಯಲಿಲ್ಲ. ಫೋನಿನಲ್ಲಿ ಅಂಕಿ ತೋರಿಸಿದೆ, ಅಷ್ಟೇ. ಈಗ ವಾರದಲ್ಲಿ ಆರು ದಿನ ಅವನೂ ಬಕೀಟಿನಲ್ಲೇ ಮಾಡುತ್ತಾನೆ. ರವಿವಾರ ಶವರ್.

ಇನ್ನೊಂದು ವಿಷಯ ತಾನಾಗಿಯೇ ಗೊತ್ತಾಯಿತು. ಗದಗಿಗೆ ಮದುವೆಗೆ ಹೋದಾಗ, ಹೊರಡುವ ಅವಸರದಲ್ಲಿ ಗೀಸರ್ ಬಂದ್ ಮಾಡುವುದು ಮರೆತಿತ್ತು. ಮರುದಿನ ಬಂದು ನೋಡಿದರೆ 26 ತಾಸಿನಲ್ಲಿ 1.4 ಯುನಿಟ್ ಹೋಗಿತ್ತು. ಒಂದು ಹನಿ ನೀರು ಬಳಸಿಲ್ಲ. ಕಾದ ನೀರು ಆರುತ್ತದೆ, ಗೀಸರ್ ಮತ್ತೆ ಕಾಸುತ್ತದೆ, ಮತ್ತೆ ಆರುತ್ತದೆ. ನಮ್ಮದು ಹತ್ತು ವರ್ಷದ ಹಳೆಯ 25 ಲೀಟರ್ ಗೀಸರ್, ಒಳಗಿನ ಹೊದಿಕೆ ಅಷ್ಟೇನೂ ಗಟ್ಟಿ ಇಲ್ಲ. ಹೊಸದು ಕೊಳ್ಳುವವರು ಸ್ಟಾರ್ ಸ್ಟಿಕ್ಕರ್ ಓದಿ. ನೀರು ಬಳಸದೆ ಸುಮ್ನೆ ಇಟ್ಟರೆ 24 ತಾಸಿನಲ್ಲಿ ಎಷ್ಟು ಯುನಿಟ್ ಸೋರುತ್ತದೆ ಎನ್ನುವುದನ್ನೇ ಅದರಲ್ಲಿ ಬರೆದಿರುತ್ತಾರೆ. ಅದು ಕಡಿಮೆ ಇದ್ದಷ್ಟೂ ಸ್ಟಾರ್ ಜಾಸ್ತಿ.

ಇದನ್ನು ಅತ್ತೆಗೆ ಹೇಳಿದೆ. ಅವರು ನವಲಗುಂದ ಕಡೆಯವರು. ತವರಿನಲ್ಲಿ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ಹಾಕಿ ಹಂಡೆಯಲ್ಲಿ ನೀರು ಕಾಸಿದವರು. "ಒಲಿ ಆರೂದ್ರಾಗ ಎಲ್ಲಾರೂ ಸಾಲಾಗಿ ಜಳಕಾ ಮುಗಸಬೇಕವಾ. ಯಾವಾಗರ ಎದ್ದು ಯಾವಾಗರ ಮಾಡಿದ್ರ ಕಟಗಿ ಎಲ್ಲಿಂದ ತರೂದು?" ಎಂದರು. ಅದನ್ನೇ ಪ್ಲಗ್‌ನಲ್ಲಿ ಹಾಕಿದೆ. ಬೆಳಿಗ್ಗೆ 5.20ಕ್ಕೆ ಹತ್ತುತ್ತದೆ, 6.40ಕ್ಕೆ ಬಂದ್. ಮೂವರು ಒಬ್ಬರ ಹಿಂದೆ ಒಬ್ಬರು ಮುಗಿಸುತ್ತೇವೆ. ನಾಲ್ಕನೆಯವರಿಗೆ ಗೀಸರ್ ಬಂದ್ ಆದ ಮೇಲೂ ತೊಟ್ಟಿಯಲ್ಲಿ ಉಳಿದ ಬಿಸಿನೀರು ಸಾಕು. ಸಂಜೆ ಅತ್ತೆಯ ಮೊಣಕಾಲಿಗೆ ಬಿಸಿನೀರು ಬೇಕು. ಅದಕ್ಕೆ 7ರಿಂದ ಹದಿನೈದು ನಿಮಿಷ ಮಾತ್ರ.

ಈಗ ಸರ್ವಿಸ್ ಬಗ್ಗೆ ಹೇಳಲೇಬೇಕು. ನಮ್ಮ ಅಪಾರ್ಟ್‌ಮೆಂಟಿಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ನಡುವೆ ಬೋರ್ ನೀರೇ ಗತಿ. ಗಡಸು ನೀರು. ಬಕೀಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಸಾಬೂನು ನೊರೆ ಬರುವುದಿಲ್ಲ. ಗೀಸರ್ ಕಾಯುವಾಗ ಒಳಗಿನಿಂದ ಪಟಪಟ ಸದ್ದು ಬರುತ್ತಿತ್ತು. ಮೆಕ್ಯಾನಿಕ್ ಬಂದು ಒಳಗೆ ನೀರು ಕಾಸುವ ಎಲಿಮೆಂಟ್ ಬಿಚ್ಚಿದರು. ಬೆರಳು ದಪ್ಪ ಸುಣ್ಣ ಕಟ್ಟಿತ್ತು. ತೊಟ್ಟಿಯ ಬದಲಿಗೆ ತಾನು ಸವೆದುಕೊಳ್ಳಲಿ ಎಂದು ಒಳಗೆ ಮೆಗ್ನೀಸಿಯಂ ಕೋಲು ಇಟ್ಟಿರುತ್ತಾರೆ. ಅದರಲ್ಲಿ ಉಳಿದಿದ್ದು ನಡುವಿನ ತಂತಿ ಮಾತ್ರ. ಎಲ್ಲ ತೊಳೆದು ಹೊಸ ಕೋಲು ಹಾಕಿದರು. "ಇನ್ನು ಬಿಲ್ ಅರ್ಧ ಆಗುತ್ತದೆ ನೋಡ್ರಿ ಅಕ್ಕಾರ" ಎಂದು ಹೇಳಿ ಹೋದರು.

ಅರ್ಧ ಆಗಲಿಲ್ಲ. ತೊಳೆಯುವ ಮೊದಲು ತಣ್ಣೀರಿನಿಂದ ಒಂದು ತೊಟ್ಟಿ ಕಾಯಲು 1.2 ಯುನಿಟ್ ಬೇಕಾಗಿತ್ತು. ತೊಳೆದ ಮೇಲೂ 1.2. ಎರಡು ಸಲ ನೋಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಯೋಚಿಸಿದರೆ ಕಾರಣ ಸರಳ. ಎಲಿಮೆಂಟ್ ನೀರಿನ ಒಳಗೇ ಇರುತ್ತದೆ. ಸುಣ್ಣದ ಪದರ ದಾಟಿಯಾದರೂ ಶಾಖ ಕೊನೆಗೆ ಹೋಗುವುದು ನೀರಿಗೇ, ಬೇರೆ ಎಲ್ಲಿ ಹೋಗಬೇಕು? ಪದರದ ಕೆಳಗೆ ಎಲಿಮೆಂಟ್ ಮಾತ್ರ ವಿಪರೀತ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಆದ್ದರಿಂದ ಗಡಸು ನೀರಿನವರು ತೊಳೆಸಲೇಬೇಕು. ಸದ್ದು ಪೂರ್ತಿ ನಿಂತಿದೆ, ಕೋಲು ಬದಲಾಗಿದ್ದಕ್ಕೆ ತೊಟ್ಟಿಯೂ ಬಾಳುತ್ತದೆ. ಕೊಟ್ಟ ರೊಕ್ಕಕ್ಕೆ ಬೇಸರವಿಲ್ಲ. ಬಿಲ್ ಇಳಿಯಲಿ ಎಂದು ತೊಳೆಸುವವರಿಗೆ ಮಾತ್ರ ನಿರಾಸೆ ಆಗುತ್ತದೆ.

ಅವತ್ತೇ ಮಾಡಿಸಿದ ಇನ್ನೊಂದು ಸಣ್ಣ ಕೆಲಸದಿಂದ ಲಾಭ ಆಯಿತು. ನೀರು ಎಷ್ಟು ಕಾದ ಮೇಲೆ ನಿಲ್ಲಬೇಕು ಎಂದು ಗೊತ್ತು ಮಾಡುವ ಥರ್ಮೋಸ್ಟಾಟ್ 65 ಡಿಗ್ರಿ ಹತ್ತಿರ ಇತ್ತು, ಅದನ್ನು 55ಕ್ಕೆ ಇಳಿಸಿದರು. ತೊಟ್ಟಿ ತುಂಬ ಕಾಯಲು ಈಗ 0.9 ಯುನಿಟ್ ಸಾಕು, ನಿಂತ ನೀರಿನಿಂದ ಶಾಖ ಸೋರುವುದೂ ಕಡಿಮೆ. ಸುಣ್ಣವೂ ಅಷ್ಟು ಬೇಗ ಕಟ್ಟುವುದಿಲ್ಲ. ಬಕೀಟಿಗೆ ಬಿಸಿನೀರು ಸ್ವಲ್ಪ ಜಾಸ್ತಿ ಬಿಟ್ಟುಕೊಳ್ಳಬೇಕು, ಅಷ್ಟೇ. ಇದಕ್ಕಿಂತ ಇಳಿಸಬೇಡಿ. ಹದ ಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಒಳಗೆ ರೋಗಾಣು ಬೆಳೆಯಬಹುದು.

ಜನವರಿಯಿಂದ ದಿನಕ್ಕೆ ಸರಾಸರಿ 2.3 ಯುನಿಟ್ ಬರುತ್ತಿದೆ, ಮೊದಲಿನ ಅರ್ಧ. ಮನೆಯ ಒಟ್ಟು ಲೆಕ್ಕ 146ಕ್ಕೆ ಇಳಿದಿದೆ. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 158. ಹಾಗಾಗಿ ಬಿಲ್ ಸೊನ್ನೆ. ಗೃಹಜ್ಯೋತಿ ಇಲ್ಲದವರು ಯುನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ ತಿಂಗಳಿಗೆ ನಾನೂರು ಉಳಿಯುತ್ತದೆ. ಮೂರು ತಿಂಗಳಲ್ಲಿ ಪ್ಲಗ್‌ನ ದುಡ್ಡು ವಾಪಸ್.

ಕೊರತೆಗಳೂ ಇವೆ. ಬಚ್ಚಲ ಗೋಡೆ ದಾಟಿ ವೈಫೈ ಸರಿಯಾಗಿ ಸಿಗುವುದಿಲ್ಲ. ರೂಟರ್ ಜಾಗ ಬದಲಿಸಬೇಕಾಯಿತು. ಆ್ಯಪ್ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಪ್ಲಗ್‌ನ ಮೇಲೆ ಗುಂಡಿ ಇದೆ, ಆದರೆ ನಮ್ಮ ಸಾಕೆಟ್ ಇರುವುದು ಬಾಗಿಲ ಮೇಲೆ, ಅತ್ತೆಗೆ ಕೈ ಎಟುಕುವುದಿಲ್ಲ. ನಡುಹಗಲು ಅವರಿಗೆ ಬಿಸಿನೀರು ಬೇಕಾದರೆ ಶಾಲೆಗೆ ಫೋನ್ ಮಾಡುತ್ತಾರೆ, ನಾನು ಅಲ್ಲಿಂದ ಹಚ್ಚುತ್ತೇನೆ. ಇದು ನನಗೆ ಸರಿ ಅನ್ನಿಸುವುದಿಲ್ಲ, ಅವರ ಮನೆಯಲ್ಲಿ ಅವರ ಕೈಗೇ ಸಿಗಬೇಕು. ಸಾಕೆಟ್ ಕೆಳಗಿಳಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ನೀರು ಸಿಡಿಯದಂತೆ ಬಚ್ಚಲ ಹೊರಗೋಡೆಗೇ ಹಾಕಿಸುತ್ತೇನೆ.

ಮತ್ತೊಂದು ಎಚ್ಚರ. ಮೊದಲ ದಿನ ಪ್ಲಗ್ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ತಪ್ಪು ಪ್ಲಗ್‌ನದ್ದಲ್ಲ, ಹಳೆಯ ಸಾಕೆಟ್ ಸಡಿಲಾಗಿತ್ತು. ಸಾಕೆಟ್ ಬದಲಿಸಿದ ಮೇಲೆ ಬರೀ ಬೆಚ್ಚಗಿರುತ್ತದೆ. ನಮ್ಮ ಗೀಸರ್ 2,000 ವ್ಯಾಟ್‌ನದು, 9 ಆಂಪ್ ಒಳಗೇ ಎಳೆಯುತ್ತದೆ. ವೋಲ್ಟೇಜ್ 215ಕ್ಕೆ ಇಳಿದಾಗ 1,750 ವ್ಯಾಟ್ ಎಂದು ತೋರಿಸುತ್ತದೆ. ಅದನ್ನು ನೋಡಿ ಉಳಿತಾಯ ಎಂದುಕೊಳ್ಳಬೇಡಿ, ಕಾಯಲು ಹೊತ್ತು ಜಾಸ್ತಿ ಆಗುತ್ತದೆ ಅಷ್ಟೇ.

ಧಾರವಾಡದ ಸಪ್ತಾಪುರದಲ್ಲಿರುವ ತಂಗಿಯೂ ಇಂಥದ್ದೇ ಪ್ಲಗ್ ಬೇಕು ಎಂದಳು. ಅವಳದ್ದು 3,000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್, 13 ಆಂಪ್ ಎಳೆಯುತ್ತದೆ. ಮನೆಯ ವೈರಿಂಗ್ ಹಳೆಯದು. ಅಲ್ಲಿಗೆ ಈಗಲೇ ಬೇಡ ಎಂದಿದ್ದೇನೆ. ಮೊದಲು ವೈರ್ ಮತ್ತು ಸಾಕೆಟ್ ತೋರಿಸಲಿ, ಆಮೇಲೆ ನಾನೇ ಹೋಗಿ ಹಾಕಿಕೊಟ್ಟು ಬರುತ್ತೇನೆ.