ಡೇಕೇರ್, ಮನೆಗೆ ಬರುವ ಆಯಾ, ಪಕ್ಕದ ಮನೆ: ಮೈಸೂರಿನಲ್ಲಿ ಪುಟ್ಟ ಮಗುವಿನ ಪೂರ್ತಿ ದಿನದ ಲೆಕ್ಕ

ಯಾವ ಡೇಕೇರ್‌ಗೆ ಫೋನ್ ಮಾಡಿದರೂ ಮೊದಲು ಹೇಳುವುದು ತಿಂಗಳ ಫೀಸು. ಅದನ್ನು ಆಯಾ ಕೇಳುವ ಸಂಬಳದ ಪಕ್ಕ ಇಟ್ಟು ನೋಡಿ, ಡೇಕೇರೇ ಅಗ್ಗ ಎಂದು ತೀರ್ಮಾನಿಸಿಬಿಡುವವರೇ ಜಾಸ್ತಿ. ಡೇಕೇರ್, ಆಯಾ, ಪಕ್ಕದ ಮನೆ ಮೂರನ್ನೂ ನಡೆಸಿ ನೋಡಿದವರು ನಾವು. ವರ್ಷದ ಒಟ್ಟು ಖರ್ಚನ್ನು, ನೀವು ಮಗುವನ್ನು ಬಿಟ್ಟು ನಿಜವಾಗಿ ಕೆಲಸಕ್ಕೆ ಹೋಗಲು ಆದ ದಿನಗಳಿಂದ ಭಾಗಿಸಿ ನೋಡಿ ಅನ್ನುವುದೇ ನಮ್ಮ ಸಲಹೆ. ಹಾಗೆ ಭಾಗಿಸಿದರೆ ಡೇಕೇರ್‌ಗೂ ಆಯಾಗೂ ಇರುವ ಅಂತರ ಬಹಳ ಕಡಿಮೆಯಾಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಲೆಕ್ಕವೇ ತಿರುಗಿಬೀಳುತ್ತದೆ.

ಕೆಳಗಿನ ಮೊತ್ತಗಳು ಲೆಕ್ಕ ಹಾಕುವ ಕ್ರಮ ತೋರಿಸಲು ಇಟ್ಟುಕೊಂಡವು. ಗೋಕುಲಂನ ದರ ಬೇರೆ, ಬನ್ನಿಮಂಟಪದ್ದು ಬೇರೆ, ಮಂಡ್ಯದ್ದಂತೂ ಬೇರೆಯೇ. ನಿಮಗೆ ಹೇಳಿದ ಮೊತ್ತವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಡೇಕೇರ್: 8,000 ಹೇಗೆ 11,500 ಆಗುತ್ತದೆ

ತಿಂಗಳಿಗೆ 8,000 ಫೀಸು, ವಾರಕ್ಕೆ ಐದು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು ಎಂದಿಟ್ಟುಕೊಳ್ಳಿ. ವರ್ಷಕ್ಕೆ 96,000. ಸೇರಿಸುವಾಗ ಕಟ್ಟುವ ಅಡ್ಮಿಷನ್ 10,000. ಇದನ್ನು ಎಷ್ಟೋ ಕಡೆ ಪ್ರತಿ ಜೂನ್‌ನಲ್ಲಿ ಬೇರೆ ಹೆಸರಿಟ್ಟು ಮತ್ತೆ ಕೇಳುತ್ತಾರೆ, ಹಾಗಾಗಿ ವರ್ಷದ ಖರ್ಚಿನಲ್ಲೇ ಸೇರಿಸಿ. ಊಟ, ಹಾಲು, ತಿಂಡಿ ಬೇರೆ ಎಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಡೈಪರ್ ನೀವೇ ಕೊಡಬೇಕು. ಹಗಲಿಗೆ ಮೂರು, ತಿಂಗಳಿಗೆ 22 ದಿನ, ಒಂದಕ್ಕೆ 12 ರೂಪಾಯಿ ಹಿಡಿದರೆ ಸುಮಾರು 800, ವರ್ಷಕ್ಕೆ 9,600. ಮನೆಯಲ್ಲೇ ಇದ್ದರೆ ಹಗಲು ಚಡ್ಡಿ ಹಾಕಿ ಗಂಟೆಗೊಮ್ಮೆ ಬಚ್ಚಲಿಗೆ ಕರೆದುಕೊಂಡು ಹೋಗಬಹುದು. ಡೇಕೇರ್‌ನಲ್ಲಿ ಅದಕ್ಕೆ ಕೈ ಸಾಲುವುದಿಲ್ಲ. ಕೊನೆಗೆ ತಡವಾಗಿ ಕರೆದುಕೊಂಡು ಹೋದದ್ದಕ್ಕೆ ದಂಡ: ಅರ್ಧ ಗಂಟೆಗೆ 100, ತಿಂಗಳಿಗೆ ನಾಲ್ಕು ಸಲವಾದರೂ ಆಗುತ್ತದೆ, ವರ್ಷಕ್ಕೆ 4,800.

ಒಟ್ಟು 1,38,400. ತಿಂಗಳಿಗೆ 11,500 ಚಿಲ್ಲರೆ.

ಇನ್ನು ದಿನಗಳ ಲೆಕ್ಕ. ವರ್ಷಕ್ಕೆ 264 ಕೆಲಸದ ದಿನ ಎಂದುಕೊಳ್ಳಿ. ನಿಮಗೆ ಆಫೀಸ್ ಇದ್ದು ಡೇಕೇರ್ ಮುಚ್ಚಿರುವ ದಿನಗಳಿಗೆ 15 ಕಳೆಯಿರಿ. ಶಾಲೆಯ ಜೊತೆ ಸೇರಿಕೊಂಡ ಡೇಕೇರ್ ಆದರೆ ದಸರಾ ರಜೆ ಒಂದೇ ಇದರಲ್ಲಿ ಬಹುಪಾಲು ತಿಂದುಹಾಕುತ್ತದೆ, ಆದ್ದರಿಂದ ಸೇರಿಸುವ ಮೊದಲೇ ರಜಾ ಪಟ್ಟಿ ಕೈಗೆ ತೆಗೆದುಕೊಳ್ಳಿ. ಮಗುವಿಗೆ ಹುಷಾರಿಲ್ಲದ ದಿನಗಳಿಗೆ 24. ಇದು ಜಾಸ್ತಿ ಅನ್ನಿಸಬಹುದು, ಆದರೆ ಮೊದಲ ವರ್ಷ ಇದಕ್ಕಿಂತ ಕಡಿಮೆ ಹಿಡಿಯಬೇಡಿ. ಹತ್ತು ಹದಿನೈದು ಮಕ್ಕಳ ನಡುವೆ ಹೊಸದಾಗಿ ಹೋದ ಮಗುವಿಗೆ ನೆಗಡಿ ಒಂದಾದ ಮೇಲೊಂದು ಬರುತ್ತದೆ. ಜ್ವರ ಬಿಟ್ಟು ಒಂದು ಪೂರ್ತಿ ದಿನ ಕಳೆಯುವವರೆಗೆ ಕರೆತರಬೇಡಿ ಎನ್ನುವ ಡೇಕೇರ್ ಒಳ್ಳೆಯ ಡೇಕೇರ್. ಹಾಗೆನ್ನದ ಕಡೆ ಪಕ್ಕದ ಮಗುವಿನ ಜ್ವರ ನಿಮ್ಮ ಮಗುವಿಗೆ ಬರುವುದು ಖಂಡಿತ. ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಸೋಂಕು ಬಂತೆಂದರೆ ಸರಿಸುಮಾರು ಒಂದು ವಾರ ಮನೆಯಲ್ಲೇ. ಹೀಗೆ ಉಳಿಯುವುದು 225 ದಿನ. ದಿನಕ್ಕೆ 615 ರೂಪಾಯಿ, ಗಂಟೆಗೆ 68.

ಸೇರಿಸುವ ಮೊದಲು ತಾಯಿ ಕಾರ್ಡ್ ತೆಗೆದು ನೋಡಿ. ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಎರಡೂ 16ರಿಂದ 24 ತಿಂಗಳೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಫ್ಲೂ ಮತ್ತು ಸೀತಾಳೆ ಸಿಡುಬಿನ ಲಸಿಕೆಗೆ ಖಾಸಗಿಯಲ್ಲಿ ದುಡ್ಡು ಕೊಡಬೇಕು. ಡೇಕೇರ್‌ಗೆ ಹೋಗುವ ಮಗುವಿಗೆ ಇವುಗಳ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳುವುದು ಒಳ್ಳೆಯದು. ಈ ಖರ್ಚೂ ಮೊದಲ ವರ್ಷದ ಬಾಬ್ತಿಗೇ ಸೇರಬೇಕು.

ಡೇಕೇರ್ ನೋಡಲು ಹೋಗುವವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎನ್ನುತ್ತಾರೆ. ಆಗ ಎಲ್ಲ ಮಿಸ್‌ಗಳೂ ಇರುತ್ತಾರೆ, ಮಕ್ಕಳು ಹೊಟ್ಟೆ ತುಂಬಿ ಆಡುತ್ತಿರುತ್ತಾರೆ. ನೀವು ಸಂಜೆ ಐದೂವರೆಗೆ ಹೋಗಿ. ಪ್ಲೇಸ್ಕೂಲ್ ಮಿಸ್‌ಗಳು ನಾಲ್ಕಕ್ಕೆ ಮನೆಗೆ ಹೋಗಿ, ಉಳಿದ ಒಬ್ಬರೋ ಇಬ್ಬರೋ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವ ಹೊತ್ತು ಅದು. ಎರಡು ವರ್ಷದೊಳಗಿನ ನಾಲ್ಕೈದು ಮಕ್ಕಳಿಗೆ ಒಬ್ಬರಾದರೂ ಇಲ್ಲದಿದ್ದರೆ ಫೀಸು ಎಷ್ಟೇ ಕಡಿಮೆಯಿರಲಿ, ನಾವು ಬೇಡ ಎನ್ನುತ್ತೇವೆ. "ನಾವ್ ನೋಡ್ಕೋತೀವಿ ಬಿಡಿ ಮೇಡಂ" ಎಂದರೆ ಸಮಾಧಾನಪಟ್ಟುಕೊಳ್ಳಬೇಡಿ, ನಾಲ್ಕು ಗಂಟೆಯ ಮೇಲೆ ಯಾರ್ಯಾರಿರುತ್ತಾರೆ ಎಂದು ಹೆಸರು ಹಿಡಿದು ಕೇಳಿ.

ಮೈಸೂರಿನಲ್ಲಿ ವಾಸದ ಮನೆಯನ್ನೇ ಬಾಡಿಗೆಗೆ ಹಿಡಿದು ನಡೆಸುವ ಡೇಕೇರ್‌ಗಳು ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನು ಆಮೇಲೆ ನೋಡಿ, ಮೊದಲು ಸಂಪು ನೋಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಸಂಪು ಸಾಮಾನ್ಯವಾಗಿ ಗೇಟಿಗೂ ಬಾಗಿಲಿಗೂ ನಡುವೆ, ಮಕ್ಕಳು ಓಡಾಡುವ ಜಾಗದಲ್ಲೇ ಇರುತ್ತದೆ. ಮುಚ್ಚಳ ಕಬ್ಬಿಣದ್ದೋ ತೆಳು ತಗಡಿನದ್ದೋ, ಮೇಲೆ ನಿಂತರೆ ಅಲುಗುತ್ತದೆಯೋ, ಚಿಲಕ ಇದೆಯೋ, ಚಿಲಕಕ್ಕೆ ಬೀಗ ಹಾಕಿದೆಯೋ, ಕಾಲಿಟ್ಟು ಒತ್ತಿಯೇ ನೋಡಿ. ನೀರು ಬರುವ ದಿನ ಮೋಟರ್ ಹಾಕುವ ಮೊದಲು ಎಷ್ಟಿದೆ ಎಂದು ನೋಡಲು ಮುಚ್ಚಳ ತೆಗೆಯುವ ರೂಢಿ ಎಲ್ಲ ಮನೆಯಲ್ಲೂ ಇದೆ. ಆ ಐದು ನಿಮಿಷ ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳಿ. ಆಮೇಲೆ ಮೆಟ್ಟಿಲ ಕೆಳಗಿನ ಇನ್ವರ್ಟರ್ ಬ್ಯಾಟರಿ, ಟೆರೇಸಿನ ಬಾಗಿಲು, ಅಡುಗೆಮನೆಯ ಬಾಗಿಲು. ತಿಂಡಿಗೆ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡುತ್ತಾರಾ ಎಂದೂ ಕೇಳಿ. ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇಂಥವೇ.

ಮಧ್ಯಾಹ್ನದ ನಿದ್ದೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುವವರು ಕಡಿಮೆ. ಒಂದರಿಂದ ಮೂರರವರೆಗೆ ಮಲಗಿಸಿದರೆ ಸರಿ. ಕೈ ಸಾಲದೆ ನಾಲ್ಕೂವರೆವರೆಗೆ ಮಲಗಿಸಿಬಿಟ್ಟರೆ ರಾತ್ರಿ ಹನ್ನೊಂದಾದರೂ ಮಗು ಆಡುತ್ತಲೇ ಇರುತ್ತದೆ, ಬೆಳಿಗ್ಗೆ ಎಬ್ಬಿಸಲು ಆಗುವುದಿಲ್ಲ.

ಮಾತುಕತೆಗೆ ಕೂತಾಗ ತಿಂಗಳ ಫೀಸಿನಲ್ಲಿ ಐನೂರು ಕಡಿಮೆ ಮಾಡಿಸಲು ಹೋಗಬೇಡಿ, ಅವರು ಅದನ್ನು ಊಟದಲ್ಲೋ ಸಿಬ್ಬಂದಿಯಲ್ಲೋ ಕಡಿಮೆ ಮಾಡುತ್ತಾರೆ. ಒಂದೇ ಸಮ ಹದಿನೈದು ದಿನ ಬಾರದಿದ್ದರೆ ಅರ್ಧ ಫೀಸು, ಬಿಡುವಾಗ ಠೇವಣಿ ವಾಪಸ್ಸು, ತಡದ ದಂಡಕ್ಕೆ ಮೊದಲ ಕಾಲು ಗಂಟೆ ವಿನಾಯಿತಿ, ಈ ಮೂರನ್ನು ಬರಹದಲ್ಲಿ ಪಡೆಯಿರಿ. ರಸೀದಿಯಲ್ಲಿ ಪ್ಲೇಸ್ಕೂಲ್ ಬೋಧನಾ ಶುಲ್ಕವನ್ನೂ ಡೇಕೇರ್ ಶುಲ್ಕವನ್ನೂ ಬೇರೆಬೇರೆ ಬರೆಸಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಪ್ಲೇಸ್ಕೂಲ್ ಬೋಧನಾ ಶುಲ್ಕಕ್ಕೆ ವಿನಾಯಿತಿ ಉಂಟು, ಮಗು ನೋಡಿಕೊಂಡದ್ದಕ್ಕೆ ಕೊಟ್ಟ ದುಡ್ಡಿಗೆ ಇಲ್ಲ.

ಮನೆಗೆ ಬರುವ ಆಯಾ

ಒಂಬತ್ತು ಗಂಟೆಗೆ 12,000 ಸಂಬಳ ಎಂದುಕೊಳ್ಳಿ. ವರ್ಷಕ್ಕೆ 1,44,000. ಹಬ್ಬಕ್ಕೆ ಒಂದು ತಿಂಗಳ ಸಂಬಳ 12,000. ಏಜೆನ್ಸಿ ಮೂಲಕ ಬಂದರೆ ಕಮಿಷನ್ ಇನ್ನೊಂದು ತಿಂಗಳದ್ದು, 12,000. ಊಟ, ಕಾಫಿ ನಿಮ್ಮ ಮನೆಯದು, ಮಗುವಿನ ಅಡುಗೆಯೂ ಸೇರಿ ತಿಂಗಳಿಗೆ 1,500, ವರ್ಷಕ್ಕೆ 18,000. ಒಟ್ಟು 1,86,000. ಬಸ್ ಚಾರ್ಜ್ ಮೊದಲು ಒಂದು ಬಾಬ್ತಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಅದು ಇಲ್ಲ. ಹಾಗಾಗಿ ಇಲವಾಲ, ವರುಣ, ಶ್ರೀರಂಗಪಟ್ಟಣದ ಕಡೆಯವರನ್ನೂ ಕೇಳಬಹುದು. ಆದರೆ ಬಸ್ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡು, ನೀವು ಮನೆ ಬಿಡುವ ಸಮಯಕ್ಕಿಂತ ಅರ್ಧ ಗಂಟೆ ಮೊದಲು ಬರುವಂತೆ ಮಾತಾಡಿ.

ಅವರ ರಜೆ ತಿಂಗಳಿಗೆ ಎರಡು, ಹಬ್ಬ ಮತ್ತು ಊರ ಜಾತ್ರೆಗೆ ಎಂಟು ಎಂದರೆ 32 ದಿನ ಹೋಗಿ 232 ಉಳಿಯಿತು. ದಿನಕ್ಕೆ 802, ಗಂಟೆಗೆ 89. ಡೇಕೇರ್‌ಗಿಂತ ಗಂಟೆಗೆ 21 ರೂಪಾಯಿ ಜಾಸ್ತಿ. ಈ 21 ರೂಪಾಯಿಗೆ ಸಿಗುವುದೇನು? ಮಗುವಿಗೆ ಸಣ್ಣ ನೆಗಡಿ, ಮೈ ಬಿಸಿ ಎಂದರೆ ನೀವು ರಜೆ ಹಾಕಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿ, ಅಳಿಸಿ, ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋಗಬೇಕಾಗಿಲ್ಲ. ಬಿಸಿ ಅನ್ನಕ್ಕೆ ತುಪ್ಪ, ತಿಳಿಸಾರು ಹಾಕಿ ಕಲಸಿ ಒಂದೊಂದೇ ತುತ್ತು ತಿನ್ನಿಸುವವರು ಒಬ್ಬರಿರುತ್ತಾರೆ. ಒಂದೂವರೆ ವರ್ಷದೊಳಗಿನ ಮಗುವಿಗೆ ನಾವು ಆಯಾ ಕಡೆಗೇ ವಾಲುವುದು ಇದಕ್ಕೆ.

ಇಬ್ಬರು ಮಕ್ಕಳಾದರೆ ಯೋಚಿಸುವುದೇ ಬೇಡ. ಡೇಕೇರ್ ಖರ್ಚು ಇಮ್ಮಡಿ, 2,76,800. ಎರಡನೆಯ ಮಗುವಿನ ಫೀಸಿನಲ್ಲಿ ಹತ್ತು ಪರ್ಸೆಂಟ್ ಬಿಟ್ಟರೂ 2,67,200. ಆಯಾಗೆ ತಿಂಗಳಿಗೆ 3,000 ಸೇರಿಸಿ ಕೊಟ್ಟರೂ 2,22,000.

ಆಯಾ ವಿಷಯದಲ್ಲಿ ಕೆಡುವುದು ಬೇರೆ ರೀತಿ. ಡೇಕೇರ್‌ನಲ್ಲಿ ಒಬ್ಬ ಮಿಸ್ ಬಿಟ್ಟುಹೋದರೂ ಬಾಗಿಲು ತೆಗೆದಿರುತ್ತದೆ. ಆಯಾ ಬಿಟ್ಟರೆ ಮಾರನೆಯ ದಿನವೇ ಮಗುವಿಗೆ ಯಾರೂ ಇಲ್ಲ. ಸಂಬಳ ಕೈಗೆ ಬಂದ ಮಾರನೆಯ ದಿನ ಫೋನ್ ಸ್ವಿಚ್ ಆಫ್ ಆಗುವುದು ಅಪರೂಪವೇನಲ್ಲ. ತಿಂಗಳಿಗೆ 500ರಂತೆ ನೀವೇ ಎತ್ತಿಟ್ಟು ಆರು ತಿಂಗಳಿಗೊಮ್ಮೆ ಸಂಬಳದ ಮೇಲೆ ಸೇರಿಸಿ ಕೊಡುವುದು ಒಂದು ದಾರಿ. ಹಾಗೆ ಮಾಡಿದರೆ ಮೇಲಿನ ಒಟ್ಟಿಗೆ 6,000 ಸೇರಿಸಿ. ಅವರ ಸಂಬಳದಿಂದ ಮಾತ್ರ ಹಿಡಿಯಬೇಡಿ, ಅದು ಜಗಳಕ್ಕೆ ಮೂಲ. ಇನ್ನೊಂದು ತೊಂದರೆ ಮೊಬೈಲ್: ಮಗು ಊಟ ಮಾಡಲಿ ಎಂದು ಮೊಬೈಲ್ ಕೊಡುವುದು, ಆಮೇಲೆ ಊಟ ಹೋಗಿ ಬಿಸ್ಕತ್ತಾಗುವುದು. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಎಷ್ಟು ಹೊತ್ತಿಗೆ ಏನು ತಿಂದಿತು, ಎಷ್ಟು ಹೊತ್ತು ಮಲಗಿತು ಎಂದು ಎರಡು ಪದ ಬರೆದಿಡಲು ಹೇಳಿ. ಬರೆಯಲು ಬಾರದವರಾದರೆ ಊಟಕ್ಕೊಂದು ಗೀಟು, ನಿದ್ದೆಗೊಂದು ಸೊನ್ನೆ ಸಾಕು. ತಿಂಗಳ ಕೊನೆಗೆ ಅದೇ ಹಾಳೆಯಲ್ಲಿ ರಜೆಯ ಲೆಕ್ಕವೂ ಸಿಗುತ್ತದೆ.

ಕೆಲಸಕ್ಕೆ ಸೇರಿಸುವಾಗ ಆಧಾರ್ ಪ್ರತಿ ಇಸಿದುಕೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ, ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಮೊದಲ ವಾರ ನೀವು ಮನೆಯಲ್ಲೇ ಇದ್ದು ಜೊತೆಗೆ ಕೆಲಸ ಮಾಡಿ, ಆ ವಾರದ ಸಂಬಳವನ್ನು ಪೂರ್ತಿ ಕೊಡಿ. ಪಾತ್ರೆ, ನೆಲ ಒರೆಸುವುದು ಆಯಾ ಕೆಲಸಕ್ಕೆ ಸೇರದು ಎಂದು ಅವರ ಎದುರೇ ಮನೆಯ ಎಲ್ಲರಿಗೂ ಹೇಳಿಬಿಡಿ. "ಸ್ವಲ್ಪ ಪಾತ್ರೆ ತೊಳ್ದ್ಬಿಡಮ್ಮ" ಎಂದು ಶುರುವಾದ ಮನೆಗಳಲ್ಲಿ ಆಯಾ ನಿಲ್ಲುವುದಿಲ್ಲ, ನಿಂತರೂ ಪಾತ್ರೆ ತೊಳೆಯುವಾಗ ಮಗು ಟಿವಿ ಮುಂದೆ.

ಪಕ್ಕದ ಮನೆ ಮತ್ತು ಉಳಿದವು

ಕೃಷ್ಣಮೂರ್ತಿಪುರಂ, ಅಗ್ರಹಾರ, ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ ಎರಡು ಮೂರು ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಆಂಟಿಯರು, ಅಜ್ಜಿಯರು ಸಿಗುತ್ತಾರೆ. ಡೇಕೇರ್‌ಗಿಂತ ಅಗ್ಗ, ಮಕ್ಕಳು ಕಡಿಮೆ, ಸೋಂಕೂ ಕಡಿಮೆ, ತಡವಾದರೆ ದಂಡ ಕೇಳುವವರಿಲ್ಲ. ಆದರೆ ಅವರ ಮಗಳ ಬಾಣಂತನ ಬಂತೆಂದರೆ ಮೂರು ತಿಂಗಳು ಬಾಗಿಲು ಮುಚ್ಚಿತು. ಮನೆಯಲ್ಲಿ ಮದುವೆ ವಯಸ್ಸಿನ ಅಥವಾ ಹೊಸದಾಗಿ ಮದುವೆಯಾದ ಮಗಳಿದ್ದಾರಾ ಎಂದು ತಿಳಿದುಕೊಳ್ಳುವುದು ಇಲ್ಲಿ ಲೆಕ್ಕದ ಭಾಗವೇ. ಇದನ್ನೇ ಪೂರ್ತಿ ನೆಚ್ಚಿಕೊಳ್ಳುವುದಕ್ಕಿಂತ ಡೇಕೇರ್ ಮುಚ್ಚಿದ ದಿನಕ್ಕೆ, ಆಯಾ ರಜೆಯ ದಿನಕ್ಕೆ ದಿನದ ಲೆಕ್ಕದಲ್ಲಿ ಮಾತಾಡಿಟ್ಟುಕೊಳ್ಳಿ. ಮಗುವಿಗೆ ಆ ಮನೆಯ ಗುರುತಿರಲಿ ಎಂದು ತಿಂಗಳಿಗೆ ಎರಡು ದಿನ ಸುಮ್ಮನೆಯಾದರೂ ಬಿಡಿ, ಇಲ್ಲದಿದ್ದರೆ ಬೇಕಾದ ದಿನ ಮಗು ಅಲ್ಲಿ ನಿಲ್ಲುವುದಿಲ್ಲ.

ಮೂರು ದಾಟಿದ ಮಗುವಿಗೆ ಅಂಗನವಾಡಿ ಇದೆ. ಕರ್ನಾಟಕದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದದ್ದೇ ನಮ್ಮ ಜಿಲ್ಲೆಯ ತಿ. ನರಸೀಪುರದಲ್ಲಿ. ಊಟ, ಹಾಲು, ಮೊಟ್ಟೆ, ತೂಕ ನೋಡುವುದು ಎಲ್ಲ ಪುಕ್ಕಟೆ. ಆದರೆ ಸಂಜೆ ನಾಲ್ಕರ ಮೇಲೆ ಯಾರಾದರೂ ಬೇಕು. ಅಂಗನವಾಡಿ ಜೊತೆಗೆ ಪಕ್ಕದ ಮನೆಯ ಎರಡೂವರೆ ಗಂಟೆ ಹೊಂದಿದರೆ ಖರ್ಚಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಯ ಕೂಸಿನ ಮನೆ ಇದೆಯೇ ಎಂದು ವಿಚಾರಿಸಿ.

ಫ್ಯಾಕ್ಟರಿಯೋ ಕಂಪನಿಯೋ, 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು ಎಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ಸೇರಿತ್ತು, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಡೆ ಕೆಲಸ ಮಾಡುವವರು ಹೊರಗೆ ಫೀಸು ಕಟ್ಟುವ ಮೊದಲು ಎಚ್.ಆರ್.ಗೆ ಬರಹದಲ್ಲಿ ಕೇಳಿ. ಕೇಂದ್ರ ನಡೆಸದಿದ್ದರೆ ಹತ್ತಿರದ ಡೇಕೇರ್ ಜೊತೆ ಒಪ್ಪಂದವಿದೆಯೇ ಎಂದೂ ಕೇಳಿ.

ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಪಾಡು ಬೇರೆ. ಬೆಳಿಗ್ಗೆ ಏಳರೊಳಗೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬಂದರೆ ಹದಿಮೂರು ಗಂಟೆ. ಒಂಬತ್ತರಿಂದ ಐದೂವರೆಗೆ ಇರುವ ಡೇಕೇರ್ ಅದರಲ್ಲಿ ಎಂಟೂವರೆ ಗಂಟೆ ಮಾತ್ರ ತುಂಬುತ್ತದೆ. ಬಾಕಿ ನಾಲ್ಕೂವರೆ ಗಂಟೆಗೆ, ರೈಲು ತಡವಾದ ದಿನ ಇನ್ನೂ ಹೆಚ್ಚಿಗೆ, ಮನೆಯಲ್ಲಿ ಒಬ್ಬರು ಬೇಕೇ ಬೇಕು. ಊರಿಂದ ಅತ್ತೆಯೋ ಅಮ್ಮನೋ ಬಂದಿದ್ದರೆ ಪೂರ್ತಿ ದಿನ ಅವರ ಮೇಲೆ ಹಾಕದೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಪ್ಲೇಸ್ಕೂಲಿಗೆ ಕಳಿಸಿ. ಅರ್ಧ ದಿನದ ಫೀಸಿನಲ್ಲಿ ಅವರ ಮಂಡಿಗೂ ಬೆನ್ನಿಗೂ ಬಿಡುವು ಸಿಗುತ್ತದೆ, ಮಗುವಿಗೂ ಜೊತೆ ಸಿಗುತ್ತದೆ. ಯಾರೂ ಇಲ್ಲದಿದ್ದರೆ ಆಯಾ ಒಂದೇ ದಾರಿ. ಹದಿಮೂರು ಗಂಟೆಗೆ ಒಬ್ಬರನ್ನೇ ಹಿಡಿಯಬೇಡಿ, ಮಧ್ಯಾಹ್ನ ಒಂದೂವರೆಗೆ ಬದಲಾಗುವ ಇಬ್ಬರನ್ನು ಗೊತ್ತು ಮಾಡಿ. ಸಂಬಳ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಒಬ್ಬರು ಬಾರದ ದಿನ ಇನ್ನೊಬ್ಬರನ್ನು ಕೇಳಬಹುದು.